ಹೊಸ ಕೆಲಸ, ಮಕ್ಕಳ ಶಾಲೆ, ಬಾಡಿಗೆ ಮನೆ: ಬಡಾವಣೆಯನ್ನು ಆರಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹೊಸ ನೌಕರಿಯೊಂದು ಖಚಿತವಾಗಿದ್ದು, ಕೆಲವೇ ತಿಂಗಳುಗಳಲ್ಲಿ ನಾವು ಸಂಸಾರಸಮೇತ ಬೇರೊಂದು ನಗರಕ್ಕೆ ಹೋಗಬೇಕಾಗಿದೆ. ಕಚೇರಿ ಇರುವುದು ಆ ನಗರದ ಹೊರವಲಯದಲ್ಲಿ. ವಾರದಲ್ಲಿ ನಾಲ್ಕು ದಿನ ಕಚೇರಿಗೆ ಹೋಗಲೇಬೇಕು, ಒಂದು ದಿನ ಮನೆಯಿಂದ ಕೆಲಸ ಮಾಡಬಹುದು. ಮಗಳಿಗೆ ಹನ್ನೊಂದು ವರ್ಷ, ಮಗನಿಗೆ ಐದು. ನನ್ನ ಪತ್ನಿ ಈಗಿನ ಕೆಲಸವನ್ನು ಬಿಟ್ಟು ಬರುತ್ತಿದ್ದು, ಅಲ್ಲಿ ನೆಲೆಯೂರಿದ ಮೇಲೆ ಹೊಸದನ್ನು ಹುಡುಕುವ ಯೋಚನೆಯಲ್ಲಿದ್ದಾರೆ.

ನಾವು ಮೂರು ಬಡಾವಣೆಗಳನ್ನು ಗುರುತಿಸಿಕೊಂಡಿದ್ದೇವೆ. ಮೊದಲನೆಯದು ಕಚೇರಿಗೆ ಹದಿನೈದು ನಿಮಿಷದ ಹಾದಿ. ಅಲ್ಲಿನ ಶಾಲೆಗಳ ಬಗ್ಗೆ ಯಾರೂ ಕೆಟ್ಟದ್ದನ್ನು ಹೇಳುವುದಿಲ್ಲ, ವಿಶೇಷವಾಗಿ ಹೊಗಳುವುದೂ ಇಲ್ಲ. ಎರಡನೆಯದರಲ್ಲಿ ಊರಿಗೆಲ್ಲ ಹೆಸರಾದ, ಫಲಿತಾಂಶದ ಪಟ್ಟಿಯಲ್ಲಿ ಪ್ರತಿ ವರ್ಷವೂ ಮೇಲಿರುವ ಶಾಲೆಯಿದೆ, ಆದರೆ ಅಲ್ಲಿಂದ ಕಚೇರಿಗೆ ಒಂದು ಕಡೆಗೇ ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕು, ಬಾಡಿಗೆಯೂ ಹೆಚ್ಚು. ಮೂರನೆಯದು ಇವೆರಡರ ನಡುವೆ ತಲೆಯೆತ್ತುತ್ತಿರುವ ಹೊಸ ಬಡಾವಣೆ. ಅಗಲವಾದ ರಸ್ತೆ, ಉದ್ಯಾನ, ಆಟದ ಮೈದಾನ, ಶಾಲೆ ಎಲ್ಲವೂ ಬರಲಿವೆ ಎಂದು ಮಾರಾಟಗಾರರು ಹೇಳುತ್ತಿದ್ದಾರೆ.

ಶಾಲೆಯನ್ನು ಮೊದಲು ನಿಶ್ಚಯಿಸಿ ಮನೆ ಹುಡುಕಬೇಕೇ, ಕಚೇರಿಗೆ ಹತ್ತಿರವಿದ್ದು ಅಲ್ಲಿರುವ ಶಾಲೆಗೆ ಒಗ್ಗಿಕೊಳ್ಳಬೇಕೇ ಎಂಬ ವಿಷಯದಲ್ಲಿ ಮನೆಯಲ್ಲಿ ಒಮ್ಮತವಿಲ್ಲ. ದೂರದಲ್ಲಿ ಕುಳಿತು ಶಾಲೆಯೊಂದರ ಗುಣಮಟ್ಟವನ್ನು ಅಳೆಯುವ ದಾರಿ ಯಾವುದು ಎಂಬುದೂ ತಿಳಿಯುತ್ತಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.


ಉತ್ತರ: ನಿವೃತ್ತ ಶಿಕ್ಷಕಿ

ಫಲಿತಾಂಶದ ಪಟ್ಟಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹೆಚ್ಚಿನ ತಂದೆ ತಾಯಿಯರು ಅಲ್ಲಿಯೇ ಆರಂಭಿಸುತ್ತಾರೆ ಮತ್ತು ಬಹಳಷ್ಟು ಮಂದಿ ಅಲ್ಲಿಯೇ ನಿಂತುಬಿಡುತ್ತಾರೆ. ಒಂದು ಶಾಲೆಯ ಸರಾಸರಿ ಅಂಕವು ಆ ಶಾಲೆ ಏನನ್ನು ಕಲಿಸಿತು ಎನ್ನುವುದಕ್ಕಿಂತ ಅಲ್ಲಿಗೆ ಎಂತಹ ಮನೆಗಳ ಮಕ್ಕಳು ಬಂದು ಸೇರುತ್ತಾರೆ ಎನ್ನುವುದನ್ನೇ ಹೆಚ್ಚಾಗಿ ಹೇಳುತ್ತದೆ. ಇದು ನನ್ನೊಬ್ಬಳ ಅಭಿಪ್ರಾಯವಲ್ಲ. ಅಮೆರಿಕದಲ್ಲಿ ಸುಮಾರು 6 ಲಕ್ಷ ವಿದ್ಯಾರ್ಥಿಗಳನ್ನು ಒಳಗೊಂಡು 1966ರಲ್ಲಿ ಪ್ರಕಟವಾದ ಕೋಲ್ಮನ್ ವರದಿಯು, ಮಕ್ಕಳ ಕಲಿಕೆಯಲ್ಲಿ ಕಾಣುವ ಅಂತರಕ್ಕೆ ಶಾಲೆಯ ಕಟ್ಟಡ, ಸೌಲಭ್ಯ, ವೆಚ್ಚಗಳಿಗಿಂತ ಮನೆಯ ಹಿನ್ನೆಲೆಯೇ ದೊಡ್ಡ ಕಾರಣ ಎಂದು ಹೇಳಿತು. ಇಂಗ್ಲೆಂಡಿನಲ್ಲಿ 2016ರಿಂದ ಪ್ರೌಢಶಾಲೆಗಳನ್ನು ಬರೀ ಅಂಕಗಳಿಂದ ಅಳೆಯುವ ಬದಲು, ಪ್ರಾಥಮಿಕ ಹಂತದ ಕೊನೆಯಲ್ಲಿ ಒಂದೇ ಮಟ್ಟದಲ್ಲಿದ್ದ ಮಕ್ಕಳು ಮುಂದಿನ ವರ್ಷಗಳಲ್ಲಿ ಎಷ್ಟು ಮೇಲೇರಿದರು ಎಂದು ಹೋಲಿಸುವ ಕ್ರಮವನ್ನು ತಂದದ್ದರ ಹಿಂದೆಯೂ ಇದೇ ವಿವೇಚನೆಯಿದೆ. ಪ್ರವೇಶ ಪರೀಕ್ಷೆ ನಡೆಸಿ, ಜಾಣರನ್ನು ಮಾತ್ರ ಆರಿಸಿಕೊಂಡು, ಹಿಂದೆ ಬಿದ್ದವರಿಗೆ ಮೆಲ್ಲಗೆ ವರ್ಗಾವಣೆ ಪತ್ರ ಕೊಟ್ಟು ಕಳುಹಿಸುವ ಶಾಲೆಯು ಪಟ್ಟಿಯಲ್ಲಿ ಮೇಲಿರುವುದರಲ್ಲಿ ಆಶ್ಚರ್ಯವೇನಿದೆ?

ಹಾಗೆಂದು ಶಾಲೆಗಳೆಲ್ಲ ಒಂದೇ ಎಂದು ನಾನು ಹೇಳುತ್ತಿಲ್ಲ. ವ್ಯತ್ಯಾಸವಿದೆ, ಆದರೆ ಅದನ್ನು ಒಳಗೆ ಹೋಗಿ ನೋಡಬೇಕು. ಮನೆ ನೋಡಲು ಹೋದಾಗ ಶಾಲೆಗೂ ಮೊದಲೇ ಸಮಯ ಕೇಳಿಕೊಂಡು ಹೋಗಿ. ಅತಿಥಿಗಳಿಗೆಂದೇ ಸಿದ್ಧವಾಗಿರುವ ಗಣಕಯಂತ್ರದ ಕೊಠಡಿಯನ್ನೂ ಪದಕಗಳ ಕಪಾಟನ್ನೂ ಎಲ್ಲರೂ ತೋರಿಸುತ್ತಾರೆ. ನೀವು ಗ್ರಂಥಾಲಯದಲ್ಲಿ ಪುಸ್ತಕ ಎರವಲು ಕೊಟ್ಟ ದಾಖಲೆ ಪುಸ್ತಕವನ್ನು ತೋರಿಸಿ ಎಂದು ಕೇಳಿ. ಕಳೆದ ವಾರದ ದಿನಾಂಕಗಳು, ಬೇರೆ ಬೇರೆ ತರಗತಿಯ ಮಕ್ಕಳ ಹೆಸರುಗಳು, ಪುಟ ಮಡಚಿ ಅಂಚು ಸವೆದ ಪುಸ್ತಕಗಳು ಕಂಡರೆ ಅಲ್ಲಿ ಮಕ್ಕಳು ಓದುತ್ತಾರೆ ಎಂದು ತಿಳಿಯಬಹುದು. ಬೀಗ ಹಾಕಿದ ಗಾಜಿನ ಕಪಾಟಿನಲ್ಲಿ ಹೊಸದಾಗಿ ಹೊಳೆಯುವ ಪುಸ್ತಕಗಳಿದ್ದರೆ ಅದರ ಅರ್ಥವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮುಖ್ಯೋಪಾಧ್ಯಾಯರನ್ನು ಎರಡು ಪ್ರಶ್ನೆ ಕೇಳಿ. ಕಳೆದ ಎರಡು ಮೂರು ವರ್ಷಗಳಲ್ಲಿ ಎಷ್ಟು ಶಿಕ್ಷಕರು ಬಿಟ್ಟುಹೋಗಿದ್ದಾರೆ ಎಂಬುದು ಒಂದು. ಶಿಕ್ಷಕರು ನೆಲೆ ನಿಲ್ಲದ ಶಾಲೆಯಲ್ಲಿ ಪಾಠವೂ ನೆಲೆ ನಿಲ್ಲುವುದಿಲ್ಲ. ಗಣಿತದಲ್ಲೋ ಭಾಷೆಯಲ್ಲೋ ಹಿಂದೆ ಬಿದ್ದ ಮಗುವಿಗೆ ನೀವು ಏನು ಮಾಡುತ್ತೀರಿ ಎಂಬುದು ಇನ್ನೊಂದು. ಇದಕ್ಕೆ ಯಾವ ದಿನ, ಯಾರು, ಹೇಗೆ ಎಂದು ವಿವರವಾಗಿ ಉತ್ತರಿಸುವವರು ಆ ಕೆಲಸವನ್ನು ನಿಜವಾಗಿ ಮಾಡುತ್ತಿರುತ್ತಾರೆ. ಪ್ರತಿ ಮಗುವಿಗೂ ವೈಯಕ್ತಿಕ ಗಮನ ನೀಡುತ್ತೇವೆ ಎಂದಷ್ಟೇ ಹೇಳುವವರು ಪತ್ರಿಕಾ ಜಾಹೀರಾತನ್ನು ಓದಿ ಹೇಳುತ್ತಿದ್ದಾರೆ ಎಂದು ತಿಳಿಯಿರಿ. ಹಲವು ದೇಶಗಳ ಹದಿನೈದು ವರ್ಷದ ಮಕ್ಕಳಿಗೆ ನಡೆಸುವ ಪೀಸಾ ಎಂಬ ಪರೀಕ್ಷೆಗಳ ಅಂಕಿಅಂಶಗಳನ್ನು ನೋಡಿದರೂ, ಒಇಸಿಡಿ ಎಂಬ, ಬಹುಪಾಲು ಶ್ರೀಮಂತ ದೇಶಗಳ ಒಕ್ಕೂಟದ ಸರಾಸರಿಯಲ್ಲಿ ವಿದ್ಯಾರ್ಥಿಗಳ ನಡುವಿನ ಅಂತರದ ಹೆಚ್ಚಿನ ಪಾಲು ಇರುವುದು ಒಂದು ಶಾಲೆಗೂ ಇನ್ನೊಂದಕ್ಕೂ ನಡುವೆ ಅಲ್ಲ, ಒಂದೇ ಶಾಲೆಯ ಗೋಡೆಗಳ ಒಳಗೆ. ಹೆಸರಾಂತ ಶಾಲೆಯಲ್ಲೂ ನಿಮ್ಮ ಮಗುವಿಗೆ ಯಾವ ಶಿಕ್ಷಕರು ಸಿಗುತ್ತಾರೆ ಎಂಬುದೇ ದೊಡ್ಡದು.

ನಿಮ್ಮ ಇಬ್ಬರು ಮಕ್ಕಳಲ್ಲಿ ನನಗೆ ಯೋಚನೆಯಿರುವುದು ಮಗಳ ಬಗ್ಗೆ. ಐದು ವರ್ಷದವನು ಎಲ್ಲಿಗೆ ಕರೆದೊಯ್ದರೂ ತಿಂಗಳೊಳಗೆ ಗೆಳೆಯರನ್ನು ಮಾಡಿಕೊಳ್ಳುತ್ತಾನೆ. ಹನ್ನೊಂದರ ಹುಡುಗಿಗೆ ಪಠ್ಯಕ್ರಮ, ಬೋಧನಾ ಮಾಧ್ಯಮ, ಎರಡನೆಯ ಭಾಷೆ, ಗೆಳತಿಯರ ಗುಂಪು ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ಆದ್ದರಿಂದ ಪಠ್ಯಕ್ರಮ ಮತ್ತು ಭಾಷೆ ಈಗಿನದಕ್ಕೆ ಹೊಂದುತ್ತವೆಯೇ ಎಂಬುದನ್ನು ಪಟ್ಟಿಯಲ್ಲಿ ಶಾಲೆಗಿರುವ ಸ್ಥಾನಕ್ಕಿಂತ ಮೊದಲು ನೋಡಿ. ಸಾಧ್ಯವಿದ್ದರೆ ಶೈಕ್ಷಣಿಕ ವರ್ಷದ ಆರಂಭಕ್ಕೇ ಸೇರಿಸಿ. ನಡುವೆ ಸೇರುವ ಮಗುವಿಗೆ ಬೆಂಚಿನ ಮೇಲೆ ಜಾಗ ಸಿಗುತ್ತದೆ, ಗುಂಪಿನಲ್ಲಿ ಜಾಗ ಸಿಗುವುದು ತಡವಾಗುತ್ತದೆ.


ಉತ್ತರ: ಸಾರಿಗೆ ಯೋಜನೆಯ ಕ್ಷೇತ್ರದಲ್ಲಿರುವವರು

ಮೇಡಂ ಅವರ ಮಾತುಗಳನ್ನು ಒಪ್ಪುತ್ತಲೇ, ಅವರು ಮುಟ್ಟದ ಒಂದು ವಿಷಯವನ್ನು ಸೇರಿಸುತ್ತೇನೆ. ಬಡಾವಣೆಯ ಪ್ರಶ್ನೆ ಕೊನೆಗೆ ಸಮಯದ ಪ್ರಶ್ನೆಯಾಗುತ್ತದೆ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದ ಪ್ರಬಂಧದಲ್ಲಿ, ಕಾಲ ಮತ್ತು ವಾಹನ ಯಾವುದೇ ಇರಲಿ, ಜನರು ದಿನವೊಂದಕ್ಕೆ ಓಡಾಟಕ್ಕಾಗಿ ಕೊಡಲು ಒಪ್ಪುವ ಸಮಯ ಹೋಗಿಬರುವುದೂ ಸೇರಿ ಸರಾಸರಿ ಒಂದು ಗಂಟೆಯ ಆಸುಪಾಸಿನಲ್ಲೇ ಇರುತ್ತದೆ ಎಂದು ವಾದಿಸಿದರು. ನಿಮ್ಮ ಎರಡನೆಯ ಬಡಾವಣೆಯಿಂದ ಅದು ಎರಡು ಗಂಟೆಯನ್ನು ದಾಟುತ್ತದೆ. ಬ್ರೂನೋ ಫ್ರೈ ಮತ್ತು ಅಲೋಯಿಸ್ ಸ್ಟುಟ್ಜರ್ ಎಂಬ ಅರ್ಥಶಾಸ್ತ್ರಜ್ಞರು ಜರ್ಮನಿಯ ಕುಟುಂಬಗಳ ಅಂಕಿಅಂಶಗಳನ್ನು ಪರಿಶೀಲಿಸಿ, ಹೆಚ್ಚು ದೂರ ಓಡಾಡುವವರು ತಮ್ಮ ಬದುಕಿನ ಬಗ್ಗೆ ಕಡಿಮೆ ತೃಪ್ತಿಯನ್ನು ಹೇಳಿಕೊಳ್ಳುತ್ತಾರೆ, ಹೆಚ್ಚಿನ ಸಂಬಳವಾಗಲಿ ಒಳ್ಳೆಯ ಮನೆಯಾಗಲಿ ಆ ನಷ್ಟವನ್ನು ಪೂರ್ತಿಯಾಗಿ ತುಂಬುವುದಿಲ್ಲ ಎಂದು ತೋರಿಸಿದ್ದಾರೆ. ಮನೆ ಹುಡುಕುವಾಗ ನಮಗೆ ಕೋಣೆಗಳು ಕಾಣುತ್ತವೆ, ದಾರಿ ಕಾಣುವುದಿಲ್ಲ.

ಆದರೆ ನಾನು ಕಚೇರಿಯ ದೂರಕ್ಕಿಂತ ಶಾಲೆಯ ದಾರಿಯನ್ನೇ ಹೆಚ್ಚು ಗಂಭೀರವಾಗಿ ನೋಡುತ್ತೇನೆ. ನೀವು ವಾರಕ್ಕೆ ನಾಲ್ಕು ದಿನ ಹೋಗಿಬರುವ ದಾರಿಯದು ಒಬ್ಬರ ಕಷ್ಟ. ಶಾಲೆಯ ದಾರಿಯು ಇಬ್ಬರು ಮಕ್ಕಳದು ಮತ್ತು ಅವರನ್ನು ಬಿಟ್ಟುಬರುವವರದು. ಕ್ಲಾರೆನ್ಸ್ ಪೆರಿ ಎಂಬ ಅಮೆರಿಕದ ಯೋಜಕರು 1929ರಲ್ಲಿ ಮುಂದಿಟ್ಟ ವಸತಿ ಘಟಕದ ಕಲ್ಪನೆಯಲ್ಲಿ ಪ್ರಾಥಮಿಕ ಶಾಲೆ ಬಡಾವಣೆಯ ನಡುವೆ ಇರುತ್ತದೆ, ವೇಗದ ವಾಹನಗಳ ಮುಖ್ಯ ರಸ್ತೆಗಳು ಅದರ ಅಂಚಿನಲ್ಲಿ ಹಾದುಹೋಗುತ್ತವೆ, ಮಗು ದೊಡ್ಡ ರಸ್ತೆಯನ್ನು ದಾಟದೆ ನಡೆದೇ ಶಾಲೆ ಸೇರಬಹುದು. ಸುಮಾರು ನೂರು ವರ್ಷಗಳ ಬಳಿಕವೂ ಬಡಾವಣೆಯೊಂದನ್ನು ಅಳೆಯಲು ಇದಕ್ಕಿಂತ ಸರಳವಾದ ಪ್ರಶ್ನೆ ನನಗೆ ಕಂಡಿಲ್ಲ: ನಿಮ್ಮ ಮಗಳು ಒಬ್ಬಳೇ ನಡೆದು ಶಾಲೆಗೆ ಹೋಗಬಲ್ಲಳೇ?

ಇದನ್ನು ನಕ್ಷೆಯಲ್ಲಿ ನೋಡಿ ತಿಳಿಯಲಾಗದು. ಶಾಲೆ ನಡೆಯುವ ದಿನ, ಬೆಳಗಿನ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ, ನೋಡಲು ಹೋದ ಮನೆಯ ಬಾಗಿಲಿನಿಂದ ಶಾಲೆಯ ಗೇಟಿನವರೆಗೆ ನಡೆಯಿರಿ. ಪಾದಚಾರಿ ಮಾರ್ಗ ಎಲ್ಲಿ ಮುಗಿಯುತ್ತದೆ, ಮುಚ್ಚಳವಿಲ್ಲದ ಮೋರಿ ಎಲ್ಲಿದೆ, ನಿಲ್ಲಿಸಿದ ವಾಹನಗಳಿಂದಾಗಿ ಮಗು ರಸ್ತೆಗೆ ಇಳಿಯಬೇಕಾದ ಜಾಗ ಯಾವುದು, ದಾಟುವಲ್ಲಿ ಎದುರಿನಿಂದ ಬರುವ ವಾಹನ ಮಗುವಿನ ಎತ್ತರದಿಂದ ಕಾಣುತ್ತದೆಯೇ ಎಂಬುದೆಲ್ಲ ಆಗ ಗೊತ್ತಾಗುತ್ತದೆ. ವಾಹನಗಳ ವೇಗವನ್ನೂ ಗಮನಿಸಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುವ ಕಾರಿನ ಹೊಡೆತದಲ್ಲಿರುವ ಶಕ್ತಿ, 30 ಕಿಲೋಮೀಟರ್ ವೇಗದ್ದಕ್ಕಿಂತ ಸುಮಾರು 2.8 ಪಟ್ಟು. ಜನರೂ ವಾಹನಗಳೂ ಬೆರೆಯುವ ಕಡೆ 30 ಕಿಲೋಮೀಟರ್ ಮಿತಿ ಇರಬೇಕೆಂದು ರಸ್ತೆ ಸುರಕ್ಷತೆಯ ಕುರಿತ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳುವುದು ಇದರಿಂದಲೇ. ಹೊಸ ಬಡಾವಣೆಯ ಅಗಲವಾದ ರಸ್ತೆಯನ್ನು ನೀವು ಗುಣವೆಂದು ಬರೆದಿದ್ದೀರಿ. ಅಗಲ ಹೆಚ್ಚಿದಷ್ಟೂ ಚಾಲಕರ ವೇಗ ಹೆಚ್ಚುತ್ತದೆ ಎಂಬುದನ್ನು ಮರೆಯಬಾರದು.

ಕಚೇರಿಯ ದಾರಿಯ ವಿಷಯದಲ್ಲಿ ಒಂದೇ ಸೂಚನೆ. ಸರಾಸರಿ ಸಮಯವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಕೆಟ್ಟ ದಿನದ ಸಮಯವನ್ನು ಹಿಡಿಯಿರಿ. ಮಳೆ ಬಂದ ಸಂಜೆ, ಅಪಘಾತವಾದ ಬೆಳಿಗ್ಗೆ ಎಷ್ಟು ಹೊತ್ತಾಗುತ್ತದೆ ಎಂಬುದರ ಮೇಲೆಯೇ ಮಗುವನ್ನು ಶಾಲೆಯಿಂದ ಯಾರು ಕರೆತರಬೇಕು ಎಂಬುದು ನಿಶ್ಚಯವಾಗುತ್ತದೆ. ರಜೆಯ ದಿನಗಳಲ್ಲಿ ಓಡಾಡಿ ನೋಡಿ ತೀರ್ಮಾನಕ್ಕೆ ಬಂದರೆ ಶಾಲೆ ಆರಂಭವಾದ ವಾರವೇ ಲೆಕ್ಕ ತಲೆಕೆಳಗಾಗುತ್ತದೆ.


ಉತ್ತರ: ಕೆಲಸದ ಕಾರಣ ಹಲವು ಊರು ಬದಲಿಸಿದ ತಂದೆ

ಮೇಲಿನ ಇಬ್ಬರೂ ಚೆನ್ನಾಗಿ ಬರೆದಿದ್ದಾರೆ, ಆದರೆ ಇಬ್ಬರೂ ನಿಮ್ಮ ಹೊಸ ಕೆಲಸವು ಶಾಶ್ವತ ಎಂದು ಭಾವಿಸಿಕೊಂಡಂತಿದೆ. ಖಾಸಗಿ ನೌಕರಿಯಲ್ಲಿರುವವರ ಅನುಭವ ಬೇರೆಯೇ. ಪರೀಕ್ಷಾರ್ಥ ಅವಧಿ ಮುಗಿಯುವ ಮೊದಲೇ ಕಚೇರಿಯೇ ನಗರದ ಇನ್ನೊಂದು ಮೂಲೆಗೆ ಸ್ಥಳಾಂತರವಾದದ್ದನ್ನು ಕಂಡವನು ನಾನು. ಹಾಗಾಗಿ ನನ್ನ ಮೊದಲ ಮಾತು: ಮೊದಲ ವರ್ಷ ಯಾವ ಬಡಾವಣೆಯಲ್ಲೂ ಮನೆ ಕೊಳ್ಳಬೇಡಿ. ಬಾಡಿಗೆಯ ಮನೆಯಲ್ಲಿ ಒಂದು ಪೂರ್ತಿ ಶಾಲಾ ವರ್ಷವನ್ನು ಕಳೆದರೆ ನೆರೆಹೊರೆ, ನೀರು, ವಿದ್ಯುತ್ತು, ಮಳೆಗಾಲದ ರಸ್ತೆ, ಶಾಲೆಯ ನಿಜವಾದ ಸ್ವಭಾವ ಎಲ್ಲವೂ ತಾನಾಗಿಯೇ ಬಯಲಾಗುತ್ತದೆ.

ಎರಡನೆಯ ಬಡಾವಣೆಯ ಬಾಡಿಗೆ ಹೆಚ್ಚು ಎಂದಿರಿ. ಆ ಹೆಚ್ಚಳದಲ್ಲಿ ಶಾಲೆಯ ಹೆಸರಿನ ಬೆಲೆಯೂ ಸೇರಿದೆ. ವಿಳಾಸದ ಆಧಾರದ ಮೇಲೆ ಪ್ರವೇಶ ಕೊಡುವ ಕಡೆ ಇದು ಸ್ಪಷ್ಟವಾಗಿ ಕಾಣುತ್ತದೆ. ಸಾಂಡ್ರಾ ಬ್ಲ್ಯಾಕ್ ಎಂಬ ಅರ್ಥಶಾಸ್ತ್ರಜ್ಞೆ 1999ರಲ್ಲಿ ಬಾಸ್ಟನ್ ನಗರದ ಸುತ್ತಲಿನ ಬಡಾವಣೆಗಳಲ್ಲಿ ಶಾಲಾ ವ್ಯಾಪ್ತಿಯ ಗಡಿಯ ಆಚೀಚೆ ಇರುವ ಮನೆಗಳನ್ನು ಹೋಲಿಸಿ, ಪ್ರಾಥಮಿಕ ಶಾಲೆಯ ಅಂಕಗಳು ಶೇಕಡಾ 5ರಷ್ಟು ಮೇಲಿದ್ದರೆ ಮನೆಯ ಬೆಲೆ ಶೇಕಡಾ 2ಕ್ಕೂ ತುಸು ಹೆಚ್ಚು ಏರುತ್ತದೆ ಎಂದು ಲೆಕ್ಕ ಹಾಕಿದರು. ರಸ್ತೆ ಒಂದೇ, ಗಾಳಿ ಬೆಳಕು ಒಂದೇ, ನಡುವೆ ಹಾದುಹೋಗಿರುವುದು ಶಾಲೆಯ ಗಡಿ ಮಾತ್ರ. ಮೇಡಂ ಅವರು ಹೇಳಿದಂತೆ ಆ ಅಂಕಗಳು ಬಹಳಮಟ್ಟಿಗೆ ಮನೆಗಳದೇ ಆಗಿದ್ದರೆ, ನೀವು ಹಣ ಕೊಡುತ್ತಿರುವುದು ನೆರೆಮನೆಯ ಮಕ್ಕಳ ಅಂಕಪಟ್ಟಿಗೆ.

ಇನ್ನೂ ಒಂದು ಅಪಾಯವಿದೆ. ಬಡಾವಣೆಯಲ್ಲಿ ಶಾಲೆ ಇದೆ ಎಂಬುದಕ್ಕೂ ಆ ಶಾಲೆಯಲ್ಲಿ ನಿಮ್ಮ ಮಗುವಿಗೆ ಸೀಟು ಇದೆ ಎಂಬುದಕ್ಕೂ ಬಹಳ ಅಂತರ. ಐದು ವರ್ಷದವನು ಸೇರುವ ಆರಂಭದ ತರಗತಿಯಲ್ಲಿ ಸೀಟುಗಳಿರಬಹುದು; ಮಗಳು ಸೇರಬೇಕಾದ ತರಗತಿಯಲ್ಲಿ ಯಾರಾದರೂ ಬಿಟ್ಟುಹೋದರೆ ಮಾತ್ರ ಜಾಗ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಶಾಲೆಯಿಂದ ಇಬ್ಬರಿಗೂ ಪ್ರವೇಶ ಖಚಿತವಾಗಿದೆ ಎಂದು ಬರಹದಲ್ಲಿ ಪಡೆಯಿರಿ. ಕಚೇರಿಯ ಗುಮಾಸ್ತರು ದೂರವಾಣಿಯಲ್ಲಿ ‘ನೋಡೋಣ ಬನ್ನಿ’ ಎಂದದ್ದನ್ನು ನಂಬಿ ಮನೆ ಹಿಡಿದವರು, ಕೊನೆಗೆ ಮಗುವನ್ನು ಪಕ್ಕದ ಬಡಾವಣೆಯ ಶಾಲೆಗೆ ಕಳುಹಿಸುತ್ತ ಈ ಬಡಾವಣೆಯ ಬಾಡಿಗೆ ಕಟ್ಟುತ್ತಿರುತ್ತಾರೆ. ವಿಳಾಸದ ಮೇಲೆ ಪ್ರವೇಶವಿರುವ ಊರಾದರೆ, ವ್ಯಾಪ್ತಿಯ ಗಡಿಯನ್ನು ಸಂಬಂಧಪಟ್ಟ ಶಿಕ್ಷಣ ಕಚೇರಿಯಲ್ಲೇ ವಿಚಾರಿಸಿ. ಮನೆಯ ದಲ್ಲಾಳಿಯ ಬಾಯಲ್ಲಿ ಗಡಿ ಬೇಕಾದಷ್ಟು ದೂರ ಹಿಗ್ಗುತ್ತದೆ.

ಮೂರನೆಯ ಬಡಾವಣೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬರಲಿರುವ ಶಾಲೆಯಲ್ಲಿ ಈಗಿರುವ ಮಗು ಓದಲಾರದು. ಕಟ್ಟಡ ಎದ್ದು, ಮಾನ್ಯತೆ ಸಿಕ್ಕಿ, ಶಿಕ್ಷಕರು ನೆಲೆ ನಿಲ್ಲುವ ಹೊತ್ತಿಗೆ ನಿಮ್ಮ ಮಗಳು ಶಾಲೆಯನ್ನೇ ಮುಗಿಸಿರಬಹುದು.

ಸಾರಿಗೆಯವರೊಡನೆ ನನಗೆ ಭಿನ್ನಾಭಿಪ್ರಾಯವಿರುವುದು ಒಂದೇ ಕಡೆ. ಮಗಳು ನಡೆದು ಹೋಗಬಲ್ಲಳೇ ಎಂಬ ಒಂದೇ ಅಳತೆಗೋಲು ಹಿಡಿದರೆ ನಿಮ್ಮ ಪತ್ನಿಯವರ ಕೆಲಸದ ಮಾತು ಹಿಂದೆ ಸರಿಯುತ್ತದೆ. ಕುಟುಂಬಗಳು ಊರು ಬದಲಿಸುವಾಗ ಒಬ್ಬರ ಕಚೇರಿಯನ್ನು ನಡುವೆ ಇಟ್ಟು ವೃತ್ತ ಎಳೆಯುತ್ತಾರೆ. ಇನ್ನೊಬ್ಬರು ಸಿಕ್ಕ ಕೆಲಸವನ್ನು ಒಪ್ಪಿಕೊಳ್ಳಬೇಕಾಗುತ್ತದೆ, ಇಲ್ಲವೇ ಮನೆಯಲ್ಲೇ ಉಳಿಯಬೇಕಾಗುತ್ತದೆ. ಅವರ ಕ್ಷೇತ್ರದ ಕೆಲಸಗಳು ಆ ನಗರದಲ್ಲಿ ಯಾವ ದಿಕ್ಕಿನಲ್ಲಿವೆ ಎಂದು ಈಗಲೇ ನೋಡಿ, ಆ ಕಡೆಗೆ ಬಸ್ಸೋ ರೈಲೋ ಇರುವ ಬಡಾವಣೆಯನ್ನು ಆರಿಸುವುದು ನ್ಯಾಯ.


ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಹೊಸ ಬಡಾವಣೆಯನ್ನು ಪಟ್ಟಿಯಿಂದ ತೆಗೆದಿದ್ದೇವೆ. ಪತ್ನಿಯ ಕ್ಷೇತ್ರದ ಹೆಚ್ಚಿನ ಕಚೇರಿಗಳು ನಗರದ ನಡುವೆ ಇದ್ದು, ಮೊದಲನೆಯ ಬಡಾವಣೆಯ ಅಂಚಿನಲ್ಲೇ ರೈಲು ನಿಲ್ದಾಣವಿರುವುದು ಈಗ ನಮಗೆ ಮುಖ್ಯವಾಗಿ ಕಾಣುತ್ತಿದೆ. ಆದರೆ ಇನ್ನೊಂದು ಸಂದೇಹ ಉಳಿದಿದೆ. ಒಳ್ಳೆಯ ಬಡಾವಣೆಗೆ ಚಿಕ್ಕ ವಯಸ್ಸಿನಲ್ಲೇ ಹೋದ ಮಕ್ಕಳು ಮುಂದೆ ಹೆಚ್ಚು ಸಂಪಾದಿಸುತ್ತಾರೆ, ಹದಿಮೂರು ವರ್ಷ ದಾಟಿದ ಮೇಲೆ ಪ್ರಯೋಜನವಿಲ್ಲ ಎಂಬ ಅಧ್ಯಯನವೊಂದನ್ನು ಬಂಧುಗಳೊಬ್ಬರು ಉಲ್ಲೇಖಿಸಿ, ಮಗಳಿಗೆ ಉಳಿದಿರುವುದು ಎರಡೇ ವರ್ಷ, ಆದ್ದರಿಂದ ಎರಡನೆಯ ಬಡಾವಣೆಗೇ ಹೋಗಿ ಎಂದು ಒತ್ತಾಯಿಸುತ್ತಿದ್ದಾರೆ. ಇದರಲ್ಲಿ ಹುರುಳಿದೆಯೇ? ಮೊದಲನೆಯ ಬಡಾವಣೆಯಲ್ಲಿ ಇಬ್ಬರೂ ಮಕ್ಕಳಿಗೆ ಒಂದೇ ಶಾಲೆ ಸಿಗದಿರಬಹುದು ಎಂಬ ಅಳುಕೂ ಇದೆ.


ಉತ್ತರ: ನಿವೃತ್ತ ಶಿಕ್ಷಕಿ

ಆ ಅಧ್ಯಯನ ನಿಜವಾದದ್ದು, ಆದರೆ ಅದನ್ನು ನಿಮಗೆ ಅನ್ವಯಿಸುವುದು ಸರಿಯಲ್ಲ. ಅಮೆರಿಕದ ಐದು ನಗರಗಳಲ್ಲಿ 1994ರಿಂದ ನಡೆದ ಪ್ರಯೋಗವೊಂದರಲ್ಲಿ ಕಡುಬಡತನದ ವಸತಿಗಳಲ್ಲಿದ್ದ ಕುಟುಂಬಗಳಿಗೆ, ಬಡತನ ಕಡಿಮೆಯಿರುವ ಬಡಾವಣೆಗಳಿಗೆ ಹೋಗಲು ಬಾಡಿಗೆಯ ನೆರವನ್ನು ಚೀಟಿ ಎತ್ತಿ ಕೊಡಲಾಯಿತು. ರಾಜ್ ಚೆಟ್ಟಿ, ನಥಾನಿಯಲ್ ಹೆಂಡ್ರೆನ್, ಲಾರೆನ್ಸ್ ಕ್ಯಾಟ್ಜ್ ಅವರು 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಹದಿಮೂರು ತುಂಬುವ ಮೊದಲು ಹಾಗೆ ಸ್ಥಳ ಬದಲಿಸಿದ ಮಕ್ಕಳ ಆದಾಯ ಇಪ್ಪತ್ತೈದರ ಆಸುಪಾಸಿನಲ್ಲಿ ಸುಮಾರು ಶೇಕಡಾ 31ರಷ್ಟು ಹೆಚ್ಚಿತ್ತು. ದೊಡ್ಡ ಮಕ್ಕಳಿಗೆ ಅಂತಹ ಲಾಭ ಕಾಣಲಿಲ್ಲ. ಗಮನಿಸಿ, ಅವರು ಹೊರಟದ್ದು ತೀರ ಕಷ್ಟದ ಜಾಗದಿಂದ. ಎರಡು ನೆಮ್ಮದಿಯ ಬಡಾವಣೆಗಳ ನಡುವೆ, ಒಂದು ಶಾಲೆಯ ಸ್ಥಾನ ತುಸು ಮೇಲೆಂಬ ಕಾರಣಕ್ಕೆ ಆರಿಸಿಕೊಳ್ಳುವ ಕುಟುಂಬದ ಬಗ್ಗೆ ಆ ಪ್ರಯೋಗ ಏನನ್ನೂ ಹೇಳುವುದಿಲ್ಲ. ಬಂಧುಗಳಿಗೆ ಇದನ್ನು ವಿನಯದಿಂದಲೇ ತಿಳಿಸಬಹುದು, ಅವರು ಒಪ್ಪುತ್ತಾರೆ ಎಂದು ನಾನು ಭರವಸೆ ಕೊಡಲಾರೆ.

ಆ ವಾದದಲ್ಲಿ ಉಳಿಸಿಕೊಳ್ಳಬೇಕಾದ ಅಂಶ ಒಂದಿದೆ. ಮಗಳ ಮಟ್ಟಿಗೆ ಎರಡು ಬಾರಿ ಶಾಲೆ ಬದಲಾಗಬಾರದು. ಬಾಡಿಗೆಗೆ ಇದ್ದು ನೋಡಿ ಎಂಬ ಸಲಹೆ ಒಳ್ಳೆಯದೇ, ಆದರೆ ಒಂದು ವರ್ಷದ ಬಳಿಕ ಮನೆ ಬದಲಿಸಿದರೂ ಶಾಲೆಯನ್ನು ಬದಲಿಸದಂತೆ ಅದೇ ಆಸುಪಾಸಿನಲ್ಲಿ ಹುಡುಕಿ.

ಇಬ್ಬರಿಗೂ ಒಂದೇ ಶಾಲೆ ಬೇಕೆನ್ನುವುದು ಹೆತ್ತವರ ಅನುಕೂಲ, ಮಕ್ಕಳ ಅಗತ್ಯವಲ್ಲ. ಆರು ವರ್ಷದ ಅಂತರವಿರುವ ಅಕ್ಕ ತಮ್ಮಂದಿರು ಒಂದೇ ಆವರಣದಲ್ಲಿ ಇದ್ದರೂ ದಿನವಿಡೀ ಒಬ್ಬರನ್ನೊಬ್ಬರು ನೋಡುವುದು ಅಪರೂಪ. ಚಿಕ್ಕವನಿಗೆ ಮನೆಗೆ ತೀರ ಹತ್ತಿರದ, ಆಟಕ್ಕೆ ಬಯಲಿರುವ ಶಾಲೆ ಸಾಕು.


ಉತ್ತರ: ಸಾರಿಗೆ ಯೋಜನೆಯ ಕ್ಷೇತ್ರದಲ್ಲಿರುವವರು

ಪತ್ನಿಯವರ ಕೆಲಸದ ದಿಕ್ಕನ್ನು ನಾನು ಬಿಟ್ಟಿದ್ದೆ ಎಂಬ ಮಾತು ನ್ಯಾಯವಾದದ್ದೇ; ರೈಲು ನಿಲ್ದಾಣವಿದ್ದರೆ ಅದು ಬಹುಪಾಲು ಪರಿಹಾರವಾಗುತ್ತದೆ. ಎರಡು ಶಾಲೆಗಳಾದರೆ ಆರಂಭದ ಮತ್ತು ಬಿಡುವ ವೇಳೆಗಳನ್ನು ಒಂದೇ ಹಾಳೆಯ ಮೇಲೆ ಬರೆದುಕೊಳ್ಳಿ. ಎರಡೂ ಶಾಲೆಗಳು ಒಂದೇ ಹೊತ್ತಿಗೆ ಆರಂಭವಾಗಿ ವಿರುದ್ಧ ದಿಕ್ಕಿನಲ್ಲಿದ್ದರೆ ಒಬ್ಬರಿಂದ ನಿಭಾಯಿಸಲಾಗದು. ಅರ್ಧ ಗಂಟೆಯ ಅಂತರವಿದ್ದರೆ ಒಬ್ಬರೇ ಇಬ್ಬರನ್ನೂ ಬಿಟ್ಟು ರೈಲು ಹಿಡಿಯಬಹುದು. ಶಾಲಾ ವಾಹನವಿದೆಯೆಂದು ಹೇಳಿದರೆ, ನಿಮ್ಮ ನಿಲುಗಡೆಯು ಆ ಸರದಿಯಲ್ಲಿ ಎಷ್ಟನೆಯದು ಎಂದು ಕೇಳಿ. ಮೊದಲ ನಿಲುಗಡೆಯಾದರೆ ಹತ್ತು ನಿಮಿಷದ ದಾರಿಗೆ ಮಗು ಒಂದು ಗಂಟೆ ವಾಹನದಲ್ಲಿ ಕುಳಿತಿರಬೇಕಾಗುತ್ತದೆ. ನಿಲ್ದಾಣದ ತೀರ ಪಕ್ಕದಲ್ಲಿ ಮನೆ ಹಿಡಿಯುವ ಮೊದಲು ರಾತ್ರಿಯ ಹೊತ್ತು ಒಮ್ಮೆ ಅಲ್ಲಿ ನಿಂತು ಕೇಳಿಸಿಕೊಳ್ಳಿ. ಸರಕು ರೈಲುಗಳು ಹೆಚ್ಚಾಗಿ ಆಗಲೇ ಓಡುತ್ತವೆ, ಮತ್ತು ಮಕ್ಕಳ ಕೋಣೆಯ ಕಿಟಕಿ ಹಳಿಯ ಕಡೆಗಿದೆಯೋ ಇಲ್ಲವೋ ಎಂಬುದನ್ನು ಮನೆಯ ಮಾಲೀಕರು ತಾವಾಗಿ ಹೇಳುವುದಿಲ್ಲ.